ದಾವಣಗೆರೆ ಹಿತ್ತಲಲ್ಲಿ ಹೂಬಿಟ್ಟ ಬೆಟ್ಟದ ಶುಂಠಿ: ನನ್ನ ಅನುಭವ

ಹೋದ ತಿಂಗಳು ಮೇಲ್ ಬಂತು. ಕಾಡುಶುಂಠಿಯ ಒಂದು ಹೊಸ ಪ್ರಭೇದವನ್ನು ವಿವರಿಸುವ ನಮ್ಮ ಲೇಖನಕ್ಕೆ ಕೊನೆಗೂ ಒಪ್ಪಿಗೆ ಸಿಕ್ಕಿದೆ. ಐದು ಮಳೆಗಾಲದ ಕೆಲಸ ಇದು. ಗಿಡ ಪಶ್ಚಿಮ ಘಟ್ಟದ್ದು. ಅದರ ಹೂವನ್ನು ಬಿಚ್ಚಿ, ಅಳೆದು, ವಿವರಣೆ ಬರೆದದ್ದು ಮಾತ್ರ ದಾವಣಗೆರೆಯ ನಮ್ಮ ಮನೆ ಹಿತ್ತಲಲ್ಲಿ. "ಈ ಬಿಸಿಲಿಗೆ ಬೆಟ್ಟದ ಶುಂಠಿ ತರ್ತೀರಾ? ಸುಮ್ನೆ ಯಾಕೆ ಮೇಷ್ಟ್ರೇ ಗಡ್ಡೆ ಕೊಲ್ತೀರಾ?" ಅಂದವರು ಒಬ್ಬಿಬ್ಬರಲ್ಲ. ಶುಂಠಿ ಕುಟುಂಬದ ಹಿಂದೆ ಬಿದ್ದಿರುವ ಬಯಲುಸೀಮೆಯ ಗೆಳೆಯರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎರಡು ವಿಷಯ ಈಗಲೇ ಹೇಳಿಬಿಡುತ್ತೇನೆ. ಗಿಡದ ಹೆಸರು ಇಲ್ಲಿ ಬರೆಯುವುದಿಲ್ಲ. ವಿವರಣೆ ಅಚ್ಚಾಗುವ ಮೊದಲು ಹೆಸರು ಹೊರಗೆ ಬಿದ್ದರೆ ಗಿಡಗಳಿಗೆ ಹೆಸರಿಡುವ ನಿಯಮದ ಪ್ರಕಾರ ಅದಕ್ಕೆ ಬೆಲೆ ಇರುವುದಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಬೆಟ್ಟದ ಹೆಸರನ್ನೂ ಹೇಳುವುದಿಲ್ಲ. ಸುಮಾರು 1,200 ಮೀಟರ್ ಎತ್ತರ, ಶೋಲಾ ಕಾಡಿನ ಅಂಚು, ತೊರೆಯ ಪಕ್ಕ ಅಂದರೆ ಸಾಕು. ಅಪರೂಪದ ಗಡ್ಡೆ ಅಂತ ಗೊತ್ತಾದರೆ ಚೀಲ ಹಿಡಿದು ಹೋಗುವವರು ಇದ್ದಾರೆ. ನಾವು ಕಂಡಿದ್ದು ಎರಡೇ ಜಾಗ, ಎರಡೂ ಸೇರಿ 70–80 ಬುಡ.

ಮೊದಲ ಸಲ ಅದನ್ನು ನೋಡಿದ್ದು ಜೂನ್ ಕೊನೆಯಲ್ಲಿ. ಬರೀ ಎಲೆ. ನಮ್ಮ ಘಟ್ಟದಲ್ಲಿ ಓಡಾಡಿದವರಿಗೆ ಶುಂಠಿಯ ಕುಲವಾದ ಜಿಂಜಿಬರ್‌ನ ನೀಸಾನಮ್, ನಿಮ್ಮೋನಿಯೈ, ಸರ್ನುಅಮ್ ಈ ಮೂರೂ ಗೊತ್ತು. ಇದೂ ಅದರಲ್ಲೇ ಒಂದಿರಬೇಕು ಅಂತ ಮುಂದೆ ಹೋದೆ. ಎಂಟು ಹೆಜ್ಜೆ ಹೋಗಿ ವಾಪಸ್ ಬಂದೆ. ಲಿಗ್ಯೂಲ್, ಅಂದರೆ ಎಲೆ ಕಾಂಡಕ್ಕೆ ಸೇರುವಲ್ಲಿನ ಪೊರೆ, ಸರಿ ಇರಲಿಲ್ಲ. ಉದ್ದ, ಈರುಳ್ಳಿ ಸಿಪ್ಪೆಯ ಹಾಗೆ ತೆಳು, ತುದಿ ಎರಡು ಸೀಳು. ಎಲೆಯ ಹಿಂಭಾಗದಲ್ಲಿ ನೇರಳೆ ಛಾಯೆ. ಜೊತೆಗೆ ಬಂದಿದ್ದ ಊರಿನವರನ್ನು ಕೇಳಿದರೆ "ಕಾಡುಶುಂಠಿ ಅಲ್ವಾ ಸಾರ್" ಅಂದರು. ಮಲೆನಾಡಲ್ಲಿ ಕಾಡುಶುಂಠಿ ಅಂದರೆ ಹತ್ತು ಗಿಡ.

ಶುಂಠಿ ಕುಟುಂಬದಲ್ಲಿ ಎಲೆ ನೋಡಿ ಹೊಸ ಪ್ರಭೇದ ಅನ್ನುವ ಹಾಗಿಲ್ಲ, ಹೂವೇ ಬೇಕು. ಜಿಂಜಿಬರ್ ಹೂ ಒಂದು ದಿನವೂ ನಿಲ್ಲುವುದಿಲ್ಲ. ಗಿಡ ಒತ್ತಿ ಒಣಗಿಸುವ ಪ್ರೆಸ್‌ಗೆ ಹಾಕಿದರೆ ಲೋಳೆಯಾಗಿ ಪೇಪರಿಗೆ ಅಂಟುತ್ತದೆ. ಒಣಗಿಸಿದ ಗಿಡ ಅಂಟಿಸಿಟ್ಟ ಹಳೇ ಹರ್ಬೇರಿಯಂ ಶೀಟುಗಳಲ್ಲಿ ನೋಡಿ, ಹೂವಿದ್ದ ಜಾಗದಲ್ಲಿ ಕಂದು ಕಲೆ ಇರುತ್ತದೆ ಅಷ್ಟೆ. ಅಂಥ ಕಲೆಗಳನ್ನು ಭೂತಗನ್ನಡಿ ಹಿಡಿದು ನೋಡಿ ನೋಡಿ ನನ್ನ ಎಷ್ಟೋ ರಜೆ ಮುಗಿದಿವೆ.

ಗಡ್ಡೆ ತರಲು ಅರ್ಜಿ ಕೊಟ್ಟೆ. ಒಂದು ಕಚೇರಿಯ ಮೇಜಿನ ಮೇಲೆ ಅದು ಏಳು ತಿಂಗಳು ಮಲಗಿತ್ತು. ಒಂದು ಹೂವಿನ ಕಾಲ ಹಾಗೇ ಹೋಯಿತು. ಆ ವರ್ಷ ಆಗಸ್ಟ್‌ನಲ್ಲಿ ನೋಡಿಯಾದರೂ ಬರೋಣ ಅಂತ ಹೋದೆ. ಹೂತೆನೆ ಇತ್ತು, ಹೂವೆಲ್ಲ ಕೊಳೆತು ಬ್ರಾಕ್ಟ್‌ಗಳ (ಹೂವಿನ ಬುಡದ ಪುಟ್ಟ ಎಲೆಗಳು) ನಡುವೆ ಗೊಣ್ಣೆಯ ಹಾಗೆ ಕೂತಿತ್ತು. ಮರುವರ್ಷ ಜುಲೈ ಮೊದಲ ವಾರ ಹೋದೆ. ತೆನೆ ಪೆನ್ಸಿಲ್ ಮೊನೆಯಷ್ಟು. ಇನ್ನೊಂದು ಸಲ ಮಣ್ಣು ಕುಸಿದು ರಸ್ತೆ ಬಂದ್ ಆಗಿ ಅರ್ಧ ದಾರಿಯಿಂದ ವಾಪಸ್. ಬಸ್ಸು, ಜೀಪು, ಜೊತೆಗೆ ಬರುವವರ ಊಟ, ಕೂಲಿ ಸೇರಿ ಒಂದು ಸುತ್ತಿಗೆ 6,000ದಿಂದ 7,000 ರೂಪಾಯಿ. ಹೂ ಅರಳುವ ದಿನಕ್ಕೆ ಸರಿಯಾಗಿ ನಾನಲ್ಲಿ ಇರುವುದು ಲಾಟರಿ ಹೊಡೆದ ಹಾಗೆ ಅಂತ ಅರ್ಥವಾಯಿತು. ಗಿಡವೇ ಮನೆಯಲ್ಲಿರಬೇಕು.

ಅನುಮತಿ ಬಂದ ಮೇಲೆ ಎರಡನೇ ಮಳೆಗಾಲದಲ್ಲಿ ಆರು ತುಂಡು ಗಡ್ಡೆ ತಂದೆ. ಮಾಳಿಗೆ ಮೇಲೆ ಗ್ರೋ ಬ್ಯಾಗು, ಮೇಲೆ ಹಸಿರು ಶೇಡ್ ನೆಟ್. ಎಲೆ ಚೆನ್ನಾಗಿ ಬಂತು, ಹೂ ಇಲ್ಲ. ಡಿಸೆಂಬರ್‌ಗೆ ಎಲೆ ಹಳದಿಯಾಗಿ ಬಿದ್ದವು. ಅಲ್ಲಿಯವರೆಗೆ ಸರಿಯಿತ್ತು. ಮಾರ್ಚ್ ಬಂತು, ನನಗೆ ಭಯ ಶುರುವಾಯಿತು. ಬೆಟ್ಟದ ಗಿಡ, ಇಲ್ಲಿ 38 ಡಿಗ್ರಿ ಬಿಸಿಲು. ದಿನಕ್ಕೆ ಎರಡು ಸಲ ನಾಲ್ಕು ಚೀಲಕ್ಕೆ ನೀರು ಹೊಡೆದೆ. ಎರಡು ಚೀಲಕ್ಕೆ ನೀರೇ ಕೊಡದೆ ಬಿಟ್ಟೆ, ಹೋಲಿಸಿ ನೋಡೋಣ ಅಂತ. ಮೇ ಹೊತ್ತಿಗೆ ನೀರು ಹಾಕಿದ ನಾಲ್ಕರಲ್ಲಿ ಮೂರು ಗಡ್ಡೆ ಕೊಳೆತಿದ್ದವು. ಒತ್ತಿದರೆ ನೀರು, ಕೆಟ್ಟ ವಾಸನೆ. ಶುಂಠಿ ಬೆಳೆಯುವ ಚನ್ನಗಿರಿ ಕಡೆಯವರಿಗೆ ಈ ಗಡ್ಡೆಕೊಳೆ ಚೆನ್ನಾಗಿ ಗೊತ್ತು. ನೀರು ಹಾಕದ ಎರಡೂ ಒಣಗಿ ಬೆಂಡಾಗಿದ್ದವು. ಉಳಿದದ್ದು ಒಂದು, ಅದೂ ಹೆಬ್ಬೆರಳಿನಷ್ಟು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಟ್ಟದಲ್ಲಿ ಇರುವುದೇ ಅಷ್ಟು, ಅದರಲ್ಲಿ ಐದನ್ನು ನಾನು ಕೊಂದಿದ್ದೆ.

ಮರುದಿನ ಕಡ್ಡಿ ಥರ್ಮಾಮೀಟರ್ ತಂದು, 350 ರೂಪಾಯಿ, ಚೀಲದ ಮಣ್ಣಿಗೆ ಚುಚ್ಚಿದೆ. ಮಧ್ಯಾಹ್ನ ಮೂರಕ್ಕೆ ನೆರಳಲ್ಲೇ 41, 42! ಕಪ್ಪು ಚೀಲ ಒಲೆಯಾಗಿತ್ತು. ನಾನು ಗಾಳಿಯ ಬಿಸಿಗೆ ಹೆದರುತ್ತಿದ್ದೆ, ಗಡ್ಡೆ ಬೇಯುತ್ತಿದ್ದದ್ದು ಮಣ್ಣಲ್ಲಿ. ಬಿಸಿ ಮಣ್ಣಿಗೆ ನೀರು ಬೇರೆ ಹಾಕಿ ಕೊಳೆ ಬರಿಸಿದ್ದೆ. ನಮ್ಮವ್ವ ಆಗ ಒಂದು ಮಾತು ಹೇಳಿದಳು. "ಮಲಗಿರೋ ಕೂಸಿಗೆ ಎಬ್ಬಿಸಿ ಎಬ್ಬಿಸಿ ಉಣಿಸ್ತಾರೇನೋ? ತಣ್ಣಗೆ ಮಲಗಾಕೆ ಬಿಡು."

ಇಡೀ ವಿಧಾನ ಆ ಮಾತಲ್ಲೇ ಇದೆ. ಈ ಗಿಡ ಡಿಸೆಂಬರ್‌ನಿಂದ ಮೇವರೆಗೆ ಮಣ್ಣೊಳಗೆ ನಿದ್ದೆ ಮಾಡುತ್ತದೆ. ದಾವಣಗೆರೆಯ ಬಿಸಿಲು ಜೋರಾಗಿರುವುದೂ ಆಗಲೇ. ಅದು ಏಳುವ ಜೂನ್ ಹೊತ್ತಿಗೆ ನಮ್ಮೂರಲ್ಲೂ ಮೋಡ, ಗಾಳಿ, ತುಂತುರು, ಹಗಲು 28–30 ಡಿಗ್ರಿ. ಎಲೆಗೆ ಇಲ್ಲಿಯ ಮಳೆಗಾಲ ಏನೂ ಕಷ್ಟ ಅಲ್ಲ. ಮೂರು ತಿಂಗಳು ಗಡ್ಡೆ ತಣ್ಣಗಿದ್ದರೆ ಸಾಕು.

ಬೇಸಿಗೆಯಲ್ಲಿ ನೀರಿನ ಗಡಿಗೆಯನ್ನು ಒದ್ದೆ ಮರಳಿನ ಮೇಲೆ ಇಡುತ್ತೇವಲ್ಲ, ಅದನ್ನೇ ಮಾಡಿದೆ. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಕುಂಡ, ನಡುವೆ ಮೂರು ಬೆರಳು ಮರಳು. ಗಡ್ಡೆ ಚಿಕ್ಕದರಲ್ಲಿ, ನೀರು ಮರಳಿಗೆ ಮಾತ್ರ. ಗಡ್ಡೆಯ ಮಣ್ಣಿಗೆ ನೇರವಾಗಿ ಒಂದು ಹನಿಯೂ ಇಲ್ಲ. ಕುಂಡದ ಗೋಡೆಯಿಂದ ಒಳಗೆ ಜಿನುಗುವ ತೇವವೇ ಅದಕ್ಕೆ ಸಾಕು. ಮೊದಲು ಹೊರಗಿನದಕ್ಕೆ ಸಿಮೆಂಟ್ ಕುಂಡ ಬಳಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಬಣ್ಣ ಬಳಿದ ಕುಂಡವೂ ಬೇಡ. ಬೆವರುವ ಕುಂಡ ಬೇಕು. ಕುಂಬಾರರ ಹತ್ತಿರ ಹೇಳಿ ಮಾಡಿಸಿದೆ, ಜೋಡಿಗೆ 350ರ ಹತ್ತಿರ ಬಿತ್ತು. ಹೊರಗೆ 38–39 ಇದ್ದಾಗ ಒಳಗಿನ ಮಣ್ಣು 28–29.

ಇಲ್ಲಿ ನನಗೆ ಹೆಮ್ಮೆ ಇದೆ, ಹೇಳಿಕೊಳ್ಳುತ್ತೇನೆ. ನಮ್ಮೂರಿನ ಒಣ ಗಾಳಿ ಶತ್ರು ಅಂತ ಎಲ್ಲರೂ ಹೇಳಿದ್ದರು. ಗಾಳಿ ಒಣಗಿದ್ದಷ್ಟೂ ಕುಂಡ ಜಾಸ್ತಿ ಬೆವರುತ್ತದೆ, ಒಳಗೆ ಜಾಸ್ತಿ ತಂಪಾಗುತ್ತದೆ. ಇದನ್ನು ಪರೀಕ್ಷೆ ಮಾಡಿಯೇ ನೋಡಿದೆ. ಮೂರನೇ ಮಳೆಗಾಲದಲ್ಲಿ ಮತ್ತೆ ಎಂಟು ತುಂಡು ತಂದಿದ್ದೆ. ಐದನ್ನು ಮನೆಯಲ್ಲಿಟ್ಟು, ಮೂರನ್ನು ಚನ್ನಗಿರಿ ಹತ್ತಿರ ಅಕ್ಕನ ಮನೆಯ ಅಡಿಕೆ ತೋಟಕ್ಕೆ ಕೊಟ್ಟೆ. ಭದ್ರಾ ನಾಲೆಯ ನೀರು, ತಂಪು ನೆರಳು. ಭಾವನಿಗೆ ಮನಸ್ಸಿರಲಿಲ್ಲ. "ಇದರಿಂದ ನಮ್ಮ ಶುಂಠಿಗೆ ಕೊಳೆ ಬಂದ್ರೆ ಯಾರು ಜವಾಬ್ದಾರಿ?" ಅಂದರು. ಅವರ ಮಾತು ನ್ಯಾಯವಾದದ್ದೇ. ಅವರ ಶುಂಠಿ ಮಡಿಯಿಂದ ದೂರ, ತೋಟದ ಮೂಲೆಯಲ್ಲಿ, ಕುಂಡದಲ್ಲೇ ಇಟ್ಟೆವು. ಅಲ್ಲಿ ಎಲೆ ಎದೆಮಟ್ಟ ಬೆಳೆಯಿತು. ಎರಡು ವರ್ಷ ಒಂದು ತೆನೆಯೂ ಬರಲಿಲ್ಲ. ತೇವದ ಗಾಳಿಯಲ್ಲಿ ಕುಂಡ ಬೆವರುವುದು ಕಡಿಮೆ. ಅದಕ್ಕಿಂತ ಹೆಚ್ಚಾಗಿ, ವರ್ಷಪೂರ್ತಿ ನೀರು ಸಿಕ್ಕಿ ಗಡ್ಡೆ ಸರಿಯಾಗಿ ಮಲಗಲೇ ಇಲ್ಲ ಅಂತ ನನ್ನ ಲೆಕ್ಕ.

ನಾಲ್ಕನೇ ಮಳೆಗಾಲ. ಮನೆಯ ಕುಂಡಗಳಲ್ಲಿ ಜೂನ್ ಮೊದಲ ವಾರ ಮೊಳಕೆ ಬಂತು. ಜೂನ್ ಕೊನೆಗೆ ಕೆಲವು ದಿನ ನೀರು ನಿಲ್ಲಿಸಿ ಮತ್ತೆ ಕೊಟ್ಟೆ. ಎಷ್ಟು ದಿನ, ಎಲೆ ಎಷ್ಟಿದ್ದಾಗ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಗಿಡದ ಮೇಲೆ ಅದೇ ಪ್ರಯೋಗ ನಡೆದಿದೆ. ಜುಲೈ ಮಧ್ಯಕ್ಕೆ ನೆಲಮಟ್ಟದಲ್ಲಿ ಕೆಂಪು ಮೂತಿ ಕಾಣಿಸಿತು. ಕೊಬ್ಬರಿ ನಾರಿನ ಪುಡಿಯ ಮಧ್ಯದಿಂದ ತೆನೆ ಮೇಲೆ ಬರುತ್ತಿತ್ತು. ನಾನು ಮೊಣಕಾಲೂರಿ ಕೂತು ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದೆ.

ಮೊದಲ ಹೂ ತಪ್ಪಿಹೋಯಿತು. ಅವತ್ತು ಕಾಲೇಜಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಅವ್ವ ಫೋನ್ ಮಾಡಿದ್ದಾಳೆ, ನನ್ನ ಫೋನು ಸ್ಟಾಫ್ ರೂಮಿನಲ್ಲಿ. ಆರೂವರೆಗೆ ಬಂದೆ, ಮಬ್ಬು ಬೆಳಕಲ್ಲಿ ನಾಲ್ಕು ಫೋಟೋ ಆಯಿತು. ಬೆಳಿಗ್ಗೆ ಏಳಕ್ಕೆ ಹೂ ಜೋತು ಬಿದ್ದಿತ್ತು. ಅಲ್ಲಿಂದ ಅವ್ವ ಹಾಲಿನ ಲೆಕ್ಕದ ಪುಸ್ತಕದಲ್ಲಿ ಹೂವಿನ ಲೆಕ್ಕವನ್ನೂ ಬರೆಯತೊಡಗಿದಳು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂಕಾಲರ ಒಳಗೆ ಅರಳುತ್ತದೆ. ದಟ್ಟ ಮೋಡ ಇದ್ದರೆ ಅರ್ಧ ಗಂಟೆ ತಡ. ಒಂದು ತೆನೆಯಲ್ಲಿ ದಿನಕ್ಕೊಂದು, ಅಪರೂಪಕ್ಕೆ ಎರಡು. ಲೇಖನದಲ್ಲಿ ಹೂ ಅರಳುವ ಸಮಯ ಅಂತ ಅಚ್ಚಾಗುವ ಸಾಲು ಅವ್ವನ ಪುಸ್ತಕದ್ದು. ಕೃತಜ್ಞತೆಯಲ್ಲಿ ಅವಳ ಹೆಸರು ಹಾಕಿದ್ದೇನೆ.

ಮೂರು ವಾರದಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಹೂ ಬಿಚ್ಚಿದೆ. ಅರಳಿದ ಎರಡು ಗಂಟೆಯೊಳಗೆ ಎಲ್ಲ ಅಳತೆ ಮುಗಿಸಬೇಕು. ತುಟಿದಳದ ಮಧ್ಯದ ಹಾಲೆ, ಪಕ್ಕದ ಹಾಲೆಗಳು, ಕೇಸರದ ತುದಿಯಲ್ಲಿ ಶಲಾಕೆಯನ್ನು ಸುತ್ತಿಕೊಂಡಿರುವ ಕೊಂಬು, ಅಂಡಾಶಯದ ನೆತ್ತಿಯ ಮೇಲಿನ ಸೂಜಿಯಂಥ ಎರಡು ಗ್ರಂಥಿಗಳು. ಒಣಗಿದ ಮಾದರಿಯಲ್ಲಿ ಈ ಗ್ರಂಥಿಗಳು ಸಿಗುವುದೇ ಇಲ್ಲ ಅಂದರೂ ಸರಿ. ನಮ್ಮ ಗಿಡ ಬೇರೆ ಅಂತ ತೋರಿಸಿದ್ದರಲ್ಲಿ ಒಂದು ಅದೇ. ಎರಡನೆಯದು ಪಕ್ಕದ ಹಾಲೆಗಳ ಆಕಾರ. ಮೂರನೆಯದು ಮೊದಲ ದಿನ ನನ್ನನ್ನು ವಾಪಸ್ ಕರೆದ ಆ ಲಿಗ್ಯೂಲ್.

ಚಿತ್ರಕ್ಕೆ ಕ್ಯಾಮೆರಾ ಬಿಟ್ಟು ಫ್ಲಾಟ್‌ಬೆಡ್ ಸ್ಕ್ಯಾನರ್ ಬಳಸಿದೆ. ಬಿಚ್ಚಿದ ಭಾಗಗಳನ್ನು ಗಾಜಿನ ಮೇಲೆ ಜೋಡಿಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ಮೇಲೆ ಒಳಗೆಲ್ಲ ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಡಬ್ಬ ಮುಚ್ಚಿ 1,200 ಡಿಪಿಐನಲ್ಲಿ ಸ್ಕ್ಯಾನ್. ಮೊದಲು ಹೊಸ ತೆಳು ಸ್ಕ್ಯಾನರ್ ತಂದು ದುಡ್ಡು ಕಳೆದುಕೊಂಡೆ. ಗಾಜಿಗೆ ತಾಗಿದ ಭಾಗ ಮಾತ್ರ ಸ್ಪಷ್ಟ, ಎರಡು ಮಿಲಿಮೀಟರ್ ಮೇಲೆ ಎಲ್ಲ ಮಸುಕು. ಹೂವಿಗೆ ಬೇಕಾದದ್ದು ಹಳೇ ಕಾಲದ ದಪ್ಪ ಸಿಸಿಡಿ ಸ್ಕ್ಯಾನರ್. ರಿಪೇರಿ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಒಂದನ್ನು 2,500ಕ್ಕೆ ತಂದೆ. ರಿವ್ಯೂ ಮಾಡಿದವರೊಬ್ಬರು ಚಿತ್ರಗಳನ್ನು ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು ಅಂತ ಕೇಳಿದ್ದರು.

ನಡುವೆ ಕೆಲವು ಅಡ್ಡ ಪ್ರಯೋಗ. ಹೂಗಳನ್ನು ಬೇರೆ ಬೇರೆ ದ್ರವದಲ್ಲಿ ಹಾಕಿಟ್ಟೆ. ವಿನೆಗರ್, ಉಪ್ಪುನೀರು ಎರಡೂ ದಂಡ, ವಾರದಲ್ಲಿ ಗಂಜಿ. ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೋಹಾಲ್ ಸೇರಿಸಿದ ಎಫ್‌ಎಎನಲ್ಲಿ ಆಕಾರ ಚೆನ್ನಾಗಿ ನಿಲ್ಲುತ್ತದೆ, ಆದರೆ ಮುಟ್ಟಿದರೆ ಮುರಿಯುತ್ತದೆ, ಡಿಎನ್ಎಗೂ ಬರುವುದಿಲ್ಲ. 70 ಶೇಕಡಾ ಸ್ಪಿರಿಟ್‌ಗೆ ಸ್ವಲ್ಪ ಗ್ಲಿಸರಿನ್ ಹಾಕಿದ್ದೇ ಒಳ್ಳೆಯದು. ಯಾವುದರಲ್ಲೂ ಬಣ್ಣ ಎರಡು ದಿನ ನಿಲ್ಲಲಿಲ್ಲ. ಪ್ರತಿ ಬಣ್ಣಕ್ಕೂ ಒಂದು ನಂಬರ್ ಕೊಡುವ ಆರ್‌ಎಚ್‌ಎಸ್ ಕಲರ್ ಚಾರ್ಟ್ ನನ್ನ ಜೇಬಿಗೆ ಎಟುಕಲಿಲ್ಲ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಹೂವಿಗೆ ಸರಿಹೊಂದುವ ಚೌಕಗಳನ್ನು ಹಗಲು ಬೆಳಕಲ್ಲಿ ಗುರುತು ಮಾಡಿ, ಆ ಚೌಕಗಳನ್ನು ಕತ್ತರಿಸಿ ಚಾರ್ಟ್ ಇರುವ ಬೆಂಗಳೂರಿನ ಗೆಳೆಯರಿಗೆ ಕಳಿಸಿದೆ. ಅವರು ಚಾರ್ಟಿಗೆ ಹೋಲಿಸಿ ನಂಬರ್ ಹೇಳಿದರು.

ಇನ್ನೊಂದು, ಮಂಡಕ್ಕಿ ಭಟ್ಟಿ. ಶುಂಠಿ ಜಾತಿಯ ಕಾಂಡ ರಸಭರಿತ. ಮಳೆಗಾಲದಲ್ಲಿ ಪ್ರೆಸ್‌ನಲ್ಲಿ ಹದಿನೈದು ದಿನ ಇಟ್ಟರೂ ಬೂಸ್ಟು ಹಿಡಿಯುತ್ತದೆ. ದಿನಾ ಬ್ಲಾಟಿಂಗ್ ಪೇಪರ್ ಬದಲಿಸಿ ಕೈ ಸೋತಿತ್ತು. ಕಾಲೇಜಿನ ಓವನ್ ಕೆಟ್ಟು ವರ್ಷವಾಗಿತ್ತು. ಪರಿಚಯದ ಭಟ್ಟಿಯವರನ್ನು ಕೇಳಿದೆ. "ಹುಲ್ಲು ಒಣಗ್ಸಾಕೆ ಬಂದೀರಾ ಮೇಷ್ಟ್ರೇ?" ಅಂತ ನಕ್ಕು ಒಳಗೆ ಕರೆದರು. ಮೊದಲ ಸಲ ಶೀಟಿಗೆಲ್ಲ ಮಸಿ. ಎರಡನೇ ಸಲ ಪ್ರೆಸ್‌ಗೆ ಹಳೇ ಕಾಟನ್ ಪಂಚೆ ಎರಡು ಸುತ್ತು ಸುತ್ತಿ, ಒಲೆಯಿಂದ ದೂರ, ಗೋಡೆಯ ಆಚೆ ಬದಿಯ ಕಟ್ಟೆ ಮೇಲೆ ನಿಲ್ಲಿಸಿ ಇಟ್ಟೆ. ಅಲ್ಲಿ 50–55 ಡಿಗ್ರಿ. ಎರಡೂವರೆ ದಿನದಲ್ಲಿ ಗರಿಗರಿ, ಎಲೆಯ ಹಸಿರೂ ಉಳಿದಿತ್ತು. ಗಡ್ಡೆಯನ್ನು ಉದ್ದಕ್ಕೆ ಸೀಳಿ ಇಡಿ, ಇಲ್ಲದಿದ್ದರೆ ಒಳಗೆ ಹಸಿ ಉಳಿಯುತ್ತದೆ. "ಬಾಡಿಗೆ ಎಷ್ಟು ಭಾಯ್?" ಅಂದರೆ ಅವರು ಚಹಾ ಕುಡಿಸಿ ಕಳಿಸಿದರು. ಕೈಯಲ್ಲಿ ಒಂದು ಪಾಕೀಟು ಮಂಡಕ್ಕಿ ಬೇರೆ.

ಹೂ ಸಿಕ್ಕಿತು, ಅಳತೆ ಆಯಿತು. ಆದರೆ ಟೈಪ್ ಮಾದರಿ, ಅಂದರೆ ಹೊಸ ಹೆಸರಿಗೆ ಆಧಾರವಾಗಿ ಇಡುವ ಮಾದರಿ? ಬೆಳೆಸಿದ ಗಿಡದಿಂದಲೂ ಹೋಲೋಟೈಪ್ (ಆ ಮುಖ್ಯ ಮಾದರಿ) ಮಾಡಬಹುದು, ನಿಯಮ ಬಿಡುತ್ತದೆ. ನನ್ನ ಮನಸ್ಸು ಒಪ್ಪಲಿಲ್ಲ. ಬೆಟ್ಟದ ಗಿಡದ ಟೈಪ್ ಶೀಟಿನ ಮೇಲೆ "ದಾವಣಗೆರೆ, ಮನೆಯ ಕುಂಡ" ಅಂತ ಇರುವುದು ಸರಿಯಲ್ಲ. ಬೆಟ್ಟದ ಎಲೆ ಮತ್ತು ಮನೆಯ ಹೂ ಎರಡನ್ನೂ ಒಂದೇ ಶೀಟಿಗೆ ಅಂಟಿಸುವ ಹಾಗೂ ಇಲ್ಲ, ಅವು ಎರಡು ಬೇರೆ ಸಂಗ್ರಹ. ಆಗ ಮನೆಯ ಕುಂಡಗಳೇ ಕೆಲಸಕ್ಕೆ ಬಂದವು. ಕುಂಡದ ತೆನೆ ಎಷ್ಟು ದಿನಕ್ಕೆ ಎಷ್ಟು ಬೆಳೆದು ಮೊದಲ ಹೂ ಬಿಟ್ಟಿತು ಅಂತ ನನ್ನ ಹತ್ತಿರ ದಿನವಾರು ಪಟ್ಟಿ ಇತ್ತು. ಬೆಟ್ಟದ ಬುಡದ ಊರಿನ ಒಬ್ಬರು ಅನುಮತಿ ಇದ್ದವರ ಜೊತೆ ಹೋಗಿ ತೆನೆ ಪಕ್ಕ ಬೆಂಕಿಕಡ್ಡಿ ಇಟ್ಟು ಫೋಟೋ ಕಳಿಸಿದರು. ಪಟ್ಟಿಗೆ ಹೋಲಿಸಿದೆ. ಬೆಟ್ಟ ನಮ್ಮ ಕುಂಡಕ್ಕಿಂತ ಹತ್ತು ಹನ್ನೆರಡು ದಿನ ಹಿಂದೆ. ಐದನೇ ಮಳೆಗಾಲದಲ್ಲಿ ಮನೆಯಲ್ಲಿ ಮೊದಲ ಹೂ ಬಿಟ್ಟ ದಿನ ಎಣಿಕೆ ಶುರು ಮಾಡಿ, ಹನ್ನೊಂದನೇ ದಿನ ಬೆಟ್ಟ ಹತ್ತಿದೆ. ಜೊತೆಗೆ ಬಂದ ಸಹೋದ್ಯೋಗಿಗೆ ನಂಬಿಕೆ ಇರಲಿಲ್ಲ, ದಾರಿಯುದ್ದಕ್ಕೂ ಜಿಗಣೆ ಕಿತ್ತುಕೊಂಡು ಗೊಣಗುತ್ತಿದ್ದರು. ನಾಲ್ಕು ಗಂಟೆ ದಾಟಿತ್ತು. ತೊರೆಯ ಪಕ್ಕ ಮೂರು ಬುಡದಲ್ಲಿ ಹೂ ಅರಳಿತ್ತು! ಅವರು ಏನೂ ಮಾತಾಡದೆ ನನ್ನ ಬೆನ್ನು ತಟ್ಟಿದರು.

ಅನುಮತಿ ಇದ್ದಷ್ಟೇ ತೆಗೆದೆವು, ನಾಲ್ಕು ಕಾಂಡ. ಗಡ್ಡೆಯ ಒಂದು ಭಾಗ ಮಣ್ಣಲ್ಲೇ ಬಿಟ್ಟೆವು. ಹೂಗಳು ಸ್ಥಳದಲ್ಲೇ ಸ್ಪಿರಿಟ್ ಬಾಟಲಿಗೆ ಹೋದವು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಕೊಡಲೇಬೇಕು, ಕೊಟ್ಟೆವು. ವಿವರಣೆ ಇಂಗ್ಲಿಷ್‌ನಲ್ಲಿ. 2012ರಿಂದ ಲ್ಯಾಟಿನ್ ಕಡ್ಡಾಯ ಅಲ್ಲ, ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ದುಡ್ಡಿನ ವಿಷಯ. ಯಾವ ಅನುದಾನವೂ ಇರಲಿಲ್ಲ. ನೆನಪಿನ ಲೆಕ್ಕ ಇದು. ಬೆಟ್ಟಕ್ಕೆ ಹತ್ತು ಹನ್ನೊಂದು ಸಲ ಹೋದದ್ದಕ್ಕೆ 70,000. ಹಳೇ ಶೀಟು ನೋಡಲು ಕಲ್ಲಿಕೋಟೆ, ಕೊಯಮತ್ತೂರು, ಪುಣೆ ತಿರುಗಿದ್ದಕ್ಕೆ 25,000. ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ 24,000. ಡಿಎನ್ಎ ಸೀಕ್ವೆನ್ಸಿಂಗ್ 18,000, ಅದರಲ್ಲಿ ಮೊದಲ ಸಲದ್ದು ನಷ್ಟ. ಎಲೆ ಒಣಗಿಸುವ ಸಿಲಿಕಾ ಜೆಲ್ ತೇವ ಹಿಡಿದಿತ್ತು, ಎಲೆ ಕಂದಾಗಿತ್ತು. ಹರಳಿನ ಬಣ್ಣ ನೋಡಿ ಬದಲಿಸುವುದನ್ನು ನಾನೇ ಮರೆತಿದ್ದೆ. ಕುಂಡ, ಶೇಡ್ ನೆಟ್, ಮರಳು 14,000. ಸ್ಪಿರಿಟ್, ಪೇಪರ್, ಕೊರಿಯರ್, ಎರಡು ಸ್ಕ್ಯಾನರ್ ಇತ್ಯಾದಿ 15,000ದ ಮೇಲೆ. ಎಲ್ಲ ಸೇರಿ ಒಂದು ಲಕ್ಷ ಅರವತ್ತೈದು ಸಾವಿರ ದಾಟಿದೆ. ಹೊಸ ಬೈಕ್ ಬೇಕು ಅಂದಿದ್ದ ಮಗ ಇನ್ನೂ ಹಳೇದರಲ್ಲೇ ಓಡಾಡುತ್ತಿದ್ದಾನೆ. ಅವನೇ ಕುಂಡಗಳನ್ನು ಹೊತ್ತು ಇಳಿಸಿ ಹತ್ತಿಸಿದವನು.

ಇದೇ ದಾರಿ ಹಿಡಿಯುವವರಿಗೆ ಒಂದೆರಡು ಮಾತು. ಶುಂಠಿ ಕುಟುಂಬದ ತಜ್ಞ ಎಂ. ಸಾಬು ಅವರ 2006ರ ದಕ್ಷಿಣ ಭಾರತದ ಶುಂಠಿ ಕುಟುಂಬದ ಪುಸ್ತಕವನ್ನು ಮೊದಲು ಅರೆದು ಕುಡಿಯಿರಿ. ಆಮೇಲೆ ಟೈಪ್ ಶೀಟುಗಳನ್ನು ಕಣ್ಣಾರೆ ನೋಡಿ. ನಾನು ಒಮ್ಮೆ ಹೊಸದು ಅಂತ ಕುಣಿದಾಡಿದ ಇನ್ನೊಂದು ಗಿಡ ಎಂದೋ ಹೆಸರಾಗಿದ್ದದ್ದೇ ಆಗಿತ್ತು. ಲೇಖನ ಎರಡು ಸಲ ವಾಪಸ್ ಬಂತು. ಮೊದಲ ಕಡೆ "ಬೆಟ್ಟದ ಗಿಡ ಬಯಲಲ್ಲಿ ಬೆಳೆದು ಆಕಾರ ಬದಲಾಗಿರಬಹುದು" ಅಂತ ತಿರಸ್ಕರಿಸಿದರು. ಅದಕ್ಕಾಗಿಯೇ ಬೆಟ್ಟದ ಹೂ, ಕುಂಡದ ಹೂ ಎರಡರ ಅಳತೆಯನ್ನೂ ಪಕ್ಕಪಕ್ಕದಲ್ಲಿ ಕೊಟ್ಟೆವು. ಎಲೆಯ ಉದ್ದದಲ್ಲಿ ವ್ಯತ್ಯಾಸ ಇತ್ತು, ಹೂವಿನಲ್ಲಿ ಇರಲಿಲ್ಲ.

ಕಾಯಿ ಒಂದು ಬಾಕಿ ಇದೆ. ಮನೆಯಲ್ಲಿ ತಾನಾಗಿ ಒಂದೂ ಕಾಯಿ ಕಟ್ಟಲಿಲ್ಲ. ಇದರ ಹೂವಿಗೆ ಬರುವ ಕೀಟ ನಮ್ಮೂರಲ್ಲಿ ಇಲ್ಲ ಅಂತ ಕಾಣುತ್ತದೆ. ನಾಲ್ಕೂವರೆಗೆ ಬ್ರಶ್ ಹಿಡಿದು ಒಂದು ಕುಂಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿದೆ. ಹದಿನಾಲ್ಕು ಹೂವಿಗೆ ಮೂರು ಕಾಯಿ. ಒಡೆದಾಗ ಒಳಗೆಲ್ಲ ಕೆಂಪು, ಕಪ್ಪು ಬೀಜ, ಮೇಲೆ ಬಿಳಿ ಪೊರೆ. ಬೀಜ ಹನ್ನೊಂದು, ಮೊಳೆತದ್ದು ನಾಲ್ಕು. ಬೆಟ್ಟದಲ್ಲಿ ಕಾಯಿ ನೋಡಲು ನವೆಂಬರ್‌ನಲ್ಲಿ ಹೋಗಬೇಕು, ಅನುಮತಿಗೆ ಮತ್ತೆ ಅರ್ಜಿ ಹಾಕಿದ್ದೇನೆ. ಆ ನಾಲ್ಕು ಸಸಿಗಳನ್ನು ಅವ್ವ ತುಳಸಿಕಟ್ಟೆಯ ನೆರಳಿಗೆ ಇಟ್ಟಿದ್ದಾಳೆ. ನನ್ನನ್ನು ನೀರು ಹಾಕಲು ಬಿಡುತ್ತಿಲ್ಲ.